ಗ್ರಹಗಳಿಗೂ ಸೂರ್ಯನಿಗೂ ಒಂದೇ ಟೆಲಿಸ್ಕೋಪ್: 70 ಮಿ.ಮೀ. ಲೆನ್ಸ್ ಏನೇನು ತೋರಿಸಬಲ್ಲದು

ಮೊದಲ ಸಲ ಟೆಲಿಸ್ಕೋಪ್ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ? ಮಾರುವವರಿಗೂ ಇದು ಗೊತ್ತು. ಹಾಗಾಗಿ ಪೆಟ್ಟಿಗೆಯ ಮೇಲೆ 300 ಪಟ್ಟು, 500 ಪಟ್ಟು ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದಕ್ಕೂ ಮೊದಲು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಆಕಾಶದಲ್ಲಿ ನಾವು ಏನನ್ನು ನೋಡಲು ಹೊರಟಿದ್ದೇವೆ?

ಆಂಡ್ರೊಮಿಡಾ ಗೆಲಾಕ್ಸಿ, ಮಂಕು ನೆಬ್ಯುಲಾಗಳು (ಅನಿಲ, ಧೂಳಿನ ಮೋಡಗಳು) ಇವನ್ನೆಲ್ಲ ನೋಡಬೇಕೆಂದರೆ ಬೆಳಕು ಕೂಡಿಸಬೇಕು. ಅದಕ್ಕೆ ಅಗಲವಾದ ಕನ್ನಡಿಯ ಟೆಲಿಸ್ಕೋಪ್ ಬೇಕು, ಊರಿನ ದೀಪಗಳಿಂದ ದೂರ ಹೋಗಬೇಕು. ಗುರು, ಶನಿ, ಶುಕ್ರ, ಸೂರ್ಯ ಹಾಗಲ್ಲ. ಇವಕ್ಕೆ ಬೆಳಕಿನ ಬರ ಇಲ್ಲ. ಬೆಂಗಳೂರಿನ ನಡುಮಧ್ಯೆ, ಬೀದಿದೀಪದ ಪಕ್ಕದ ತಾರಸಿಯಿಂದಲೂ ಗುರು ಚೆನ್ನಾಗಿಯೇ ಕಾಣುತ್ತಾನೆ. ಸೂರ್ಯನ ವಿಷಯದಲ್ಲಂತೂ ಬರುವ ಬೆಳಕಿನಲ್ಲಿ ಲಕ್ಷಕ್ಕೆ ಒಂದು ಪಾಲು ಮಾತ್ರ ಬಿಟ್ಟು, ಉಳಿದದ್ದನ್ನು ತಡೆಯಬೇಕು. ಇಲ್ಲಿ ಬೇಕಾದದ್ದು ಚೊಕ್ಕವಾದ, ಅಲುಗಾಡದ ಬಿಂಬ. ಈ ಒಂದು ಮಾತು ಹಿಡಿದುಕೊಂಡರೆ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ನನ್ನ ಪ್ರಕಾರ ಈ ಕೆಲಸಕ್ಕೆ 70ರಿಂದ 90 ಮಿ.ಮೀ. ಅಗಲದ, ಉದ್ದ ಕೊಳವೆಯ ಲೆನ್ಸ್ ಟೆಲಿಸ್ಕೋಪ್, ಅಂದರೆ ರಿಫ್ರ್ಯಾಕ್ಟರ್, ಬಹಳ ಒಳ್ಳೆಯ ಆರಂಭ.

ಎರಡು ಲೆನ್ಸ್, ಒಂದು ಭಾಗಾಕಾರ

ರಿಫ್ರ್ಯಾಕ್ಟರ್‌ನ ಮುಂದಿನ ತುದಿಯಲ್ಲಿ ದೊಡ್ಡ ಲೆನ್ಸ್ ಇರುತ್ತದೆ. ಅದು ದೂರದ ವಸ್ತುವಿನ ಬೆಳಕನ್ನು ಬಾಗಿಸಿ, ಕೊಳವೆಯ ಹಿಂದಿನ ತುದಿಯ ಹತ್ತಿರ ಪುಟ್ಟ ಬಿಂಬ ಮೂಡಿಸುತ್ತದೆ. ಆ ಬಿಂಬವನ್ನು ಹತ್ತಿರದಿಂದ ನೋಡಲು ಬಳಸುವ ಭೂತಗನ್ನಡಿಯೇ ಐಪೀಸ್. ಇಷ್ಟೇ ಇದರ ಕೆಲಸ. ದೊಡ್ಡ ಲೆನ್ಸಿನಿಂದ ಬಿಂಬ ಮೂಡುವ ಜಾಗದವರೆಗಿನ ದೂರಕ್ಕೆ ಫೋಕಲ್ ಲೆಂತ್ ಎನ್ನುತ್ತಾರೆ. ಆ ದೂರವನ್ನು ಐಪೀಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಸಿಗುತ್ತದೆ.

ಒಂದು ನಿಜವಾದ ಟೆಲಿಸ್ಕೋಪನ್ನೇ ತೆಗೆದುಕೊಳ್ಳೋಣ. ಸೆಲೆಸ್ಟ್ರಾನ್ ಕಂಪನಿಯ ಆಸ್ಟ್ರೋಮಾಸ್ಟರ್ 70 ಎಝಡ್ ಎಂಬ ಮಾದರಿಯ ಲೆನ್ಸ್ 70 ಮಿ.ಮೀ. ಅಗಲ, ಫೋಕಲ್ ಲೆಂತ್ 900 ಮಿ.ಮೀ. ಜೊತೆಗೆ 20 ಮಿ.ಮೀ. ಮತ್ತು 10 ಮಿ.ಮೀ. ಐಪೀಸ್ ಬರುತ್ತವೆ. 900 ಭಾಗಿಸು 20, ಅಂದರೆ 45 ಪಟ್ಟು. 900 ಭಾಗಿಸು 10, ಅಂದರೆ 90 ಪಟ್ಟು. ಇದೇ ಅಳತೆಯ ಬೇರೆ ಕಂಪನಿಗಳ ಟೆಲಿಸ್ಕೋಪ್‌ಗಳೂ ಇವೆ. ಲೆಕ್ಕ ಎಲ್ಲಕ್ಕೂ ಒಂದೇ.

ಇಷ್ಟು ಕಡಿಮೆಯೇ ಅನ್ನಿಸಬಹುದು. ಆದರೆ ಗುರುಗ್ರಹ ಭೂಮಿಗೆ ಹತ್ತಿರ ಬಂದಾಗ ಅದರ ತಟ್ಟೆ ಸುಮಾರು 45 ಆರ್ಕ್‌ಸೆಕೆಂಡ್ ಅಗಲ ಇರುತ್ತದೆ. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಸಿಗುವ ಒಂದು ಪಾಲೇ ಆರ್ಕ್‌ಸೆಕೆಂಡ್. ಬರಿಗಣ್ಣಿಗೆ ಹುಣ್ಣಿಮೆ ಚಂದ್ರ ಕಾಣುವುದು ಸುಮಾರು 1,800 ಆರ್ಕ್‌ಸೆಕೆಂಡ್ ಅಗಲ. ಅಂದರೆ ಬರೀ 40 ಪಟ್ಟು ದೊಡ್ಡದು ಮಾಡಿದರೆ ಸಾಕು, ಐಪೀಸಿನಲ್ಲಿ ಗುರು ಹುಣ್ಣಿಮೆ ಚಂದ್ರನಷ್ಟು ದೊಡ್ಡವನಾಗುತ್ತಾನೆ! 90 ಪಟ್ಟಿನಲ್ಲಿ ಅದರ ಎರಡರಷ್ಟು. ಶನಿಯ ಉಂಗುರದ ಈ ತುದಿಯಿಂದ ಆ ತುದಿಯ ಅಗಲವೂ ಹೆಚ್ಚುಕಡಿಮೆ ಇಷ್ಟೇ.

ಹಾಗಾದರೆ 2 ಮಿ.ಮೀ. ಐಪೀಸ್ ಹಾಕಿ 450 ಪಟ್ಟು ಮಾಡಬಾರದೇಕೆ? ಮಾಡಬಹುದು, ಆದರೆ ಏನೂ ಹೊಸದು ಕಾಣುವುದಿಲ್ಲ. ಬೆಳಕು ಅಲೆಯಾಗಿ ಚಲಿಸುತ್ತದೆ. ಲೆನ್ಸಿನ ದುಂಡು ಅಂಚಿನ ಮೂಲಕ ಹಾದಾಗ ಅದು ಸ್ವಲ್ಪ ಹರಡಿಕೊಳ್ಳುತ್ತದೆ. ಲೆನ್ಸ್ ಚಿಕ್ಕದಾದಷ್ಟೂ ಹರಡುವುದು ಜಾಸ್ತಿ. 116ನ್ನು ಲೆನ್ಸಿನ ಮಿಲಿಮೀಟರ್ ಅಗಲದಿಂದ ಭಾಗಿಸಿದರೆ, ಅದು ಎಷ್ಟು ಸಮೀಪದ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ತೋರಿಸಬಲ್ಲದು ಎಂಬ ಅಂದಾಜು ಆರ್ಕ್‌ಸೆಕೆಂಡಿನಲ್ಲಿ ಸಿಗುತ್ತದೆ. ಡಾವ್ಸ್ ಎಂಬ ಇಂಗ್ಲಿಷ್ ವೀಕ್ಷಕ ಕೊಟ್ಟ ಸೂತ್ರ ಇದು. 70 ಮಿ.ಮೀ.ಗೆ ಉತ್ತರ ಸುಮಾರು 1.66. ಹತ್ತು ರೂಪಾಯಿ ನಾಣ್ಯವನ್ನು ಮೂರು ಕಿಲೋಮೀಟರಿಗೂ ಆಚೆ ಇಟ್ಟರೆ ಅದು ಕಾಣುವುದು ಇಷ್ಟೇ ಅಗಲವಾಗಿ. ಇದಕ್ಕಿಂತ ಸಣ್ಣ ವಿವರ ಬಿಂಬದಲ್ಲೇ ಇಲ್ಲದಿರುವಾಗ ಅದನ್ನು ಎಷ್ಟು ಹಿಗ್ಗಿಸಿದರೂ ಮಬ್ಬು ಹಿಗ್ಗುತ್ತದೆ, ಅಷ್ಟೇ. ಆದ್ದರಿಂದ ಮಿಲಿಮೀಟರ್ ಅಗಲದ ಎರಡರಷ್ಟು ಪಟ್ಟು ಎಂಬುದು ಮೇಲಿನ ಮಿತಿ. 70 ಮಿ.ಮೀ. ಲೆನ್ಸಿಗೆ 140 ಪಟ್ಟು. ಪೆಟ್ಟಿಗೆಯ ಮೇಲೆ 500 ಪಟ್ಟು ಎಂದು ಬರೆದಿರುವ 70 ಮಿ.ಮೀ. ಟೆಲಿಸ್ಕೋಪ್ ಕಂಡರೆ, ಆ ಸಂಖ್ಯೆಯನ್ನು ಮರೆತು ಲೆನ್ಸಿನ ಅಗಲ ಮತ್ತು ಸ್ಟ್ಯಾಂಡ್ ನೋಡಿ. ಅದರ ಜೊತೆ ಬರುವ 4 ಮಿ.ಮೀ. ಐಪೀಸ್, ಪಟ್ಟು ಹೆಚ್ಚಿಸಲು ಐಪೀಸಿನ ಮುಂದೆ ಹಾಕುವ ಪ್ಲಾಸ್ಟಿಕ್ ಬಾರ್ಲೋ ಲೆನ್ಸ್ ಇವು ಬಹುಪಾಲು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಮುಂದೆ ದುಡ್ಡು ಹಾಕುವುದಾದರೆ 7 ಮಿ.ಮೀ.ನ ಒಂದು ಒಳ್ಳೆಯ ಐಪೀಸ್ ತೆಗೆದುಕೊಳ್ಳಿ. ಗ್ರಹಗಳಿಗೆ ಅದು ಹೇಳಿ ಮಾಡಿಸಿದ ಹಾಗಿರುತ್ತದೆ.

ಉದ್ದ ಕೊಳವೆ ಯಾಕೆ

ಲೆನ್ಸಿಗೆ ಒಂದು ಹುಟ್ಟುಗುಣ ಇದೆ. ನೀಲಿ ಬೆಳಕನ್ನು ಅದು ಜಾಸ್ತಿ ಬಾಗಿಸುತ್ತದೆ, ಕೆಂಪನ್ನು ಕಡಿಮೆ. ಎರಡೂ ಬಣ್ಣ ಒಂದೇ ಜಾಗದಲ್ಲಿ ಸೇರುವುದಿಲ್ಲ. ಹಾಗಾಗಿ ಹೊಳೆಯುವ ಗ್ರಹದ ಸುತ್ತ ಬಣ್ಣದ ಅಂಚು ಕಾಣುತ್ತದೆ. 17ನೇ ಶತಮಾನದವರಿಗೆ ಇದಕ್ಕೆ ಗೊತ್ತಿದ್ದ ಪರಿಹಾರ ಒಂದೇ: ಲೆನ್ಸಿನ ಉಬ್ಬು ಕಡಿಮೆ ಮಾಡಿ ಟೆಲಿಸ್ಕೋಪನ್ನು ಉದ್ದ ಮಾಡುವುದು. ಪೋಲೆಂಡಿನ ಹೆವೆಲಿಯಸ್ ಹೀಗೆ 150 ಅಡಿ ಉದ್ದದ ಟೆಲಿಸ್ಕೋಪನ್ನೇ ಕಂಬಕ್ಕೆ ತೂಗುಹಾಕಿದ್ದ. ಗಾಳಿ ಬೀಸಿದರೆ ಅದು ಅಲ್ಲಾಡುತ್ತಿತ್ತು.

1730ರ ದಶಕದಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೂರ್ ಹಾಲ್ ಎರಡು ಬೇರೆ ಜಾತಿಯ ಗಾಜುಗಳನ್ನು ಜೋಡಿಸಿದ. ಒಂದು ಕ್ರೌನ್ ಗಾಜಿನ ಉಬ್ಬು ಲೆನ್ಸ್, ಇನ್ನೊಂದು ಫ್ಲಿಂಟ್ ಗಾಜಿನ ತಗ್ಗು ಲೆನ್ಸ್. ಮೊದಲನೆಯದು ಚದುರಿಸಿದ ಬಣ್ಣವನ್ನು ಎರಡನೆಯದು ಬಹುಮಟ್ಟಿಗೆ ಮತ್ತೆ ಕೂಡಿಸುತ್ತದೆ. ಜಾನ್ ಡಾಲಂಡ್ 1758ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆಕ್ರೋಮ್ಯಾಟ್ ಎಂಬ ಈ ಜೋಡಿ ಲೆನ್ಸೇ ಇವತ್ತಿನ ಆರಂಭಿಕ ರಿಫ್ರ್ಯಾಕ್ಟರ್‌ಗಳಲ್ಲೂ ಇರುವುದು.

ಆದರೂ ಬಣ್ಣ ಪೂರ್ತಿ ಹೋಗುವುದಿಲ್ಲ. ನೇರಳೆ ಬಣ್ಣ ಸ್ವಲ್ಪ ಉಳಿಯುತ್ತದೆ. ಅದು ಎಷ್ಟು ಕಾಡುತ್ತದೆ ಎಂಬುದು ಕೊಳವೆಯ ಉದ್ದದ ಮೇಲೆ ನಿಂತಿದೆ. ಫೋಕಲ್ ಲೆಂತನ್ನು ಲೆನ್ಸಿನ ಅಗಲದಿಂದ ಭಾಗಿಸಿ. 900 ಭಾಗಿಸು 70, ಅಂದರೆ ಸುಮಾರು 13. ಇದನ್ನು ಎಫ್/13 ಎಂದು ಬರೆಯುತ್ತಾರೆ. ಈ ಸಂಖ್ಯೆ ಲೆನ್ಸಿನ ಇಂಚು ಅಗಲದ ಮೂರರಷ್ಟಾದರೂ ಇದ್ದರೆ ಬಣ್ಣದ ಕಾಟ ಸಹಿಸುವಂತಿರುತ್ತದೆ ಎಂಬುದು ಹಳೆಯ ಲೆಕ್ಕ. 70 ಮಿ.ಮೀ. ಎಂದರೆ 2.76 ಇಂಚು. ಮೂರರಷ್ಟು ಎಂದರೆ ಸುಮಾರು 8.3. ಎಫ್/13 ಸುಲಭವಾಗಿ ದಾಟಿತು. 70 ಮಿ.ಮೀ. ಅಗಲ, 700 ಮಿ.ಮೀ. ಉದ್ದದ ಎಫ್/10 ಕೂಡ ದಾಟುತ್ತದೆ. ಆದರೆ ಬೆನ್ನಚೀಲದಲ್ಲಿ ಹಿಡಿಯುವಂತೆ ಮಾಡಿದ 70/400 ಪುಟ್ಟ ಟೆಲಿಸ್ಕೋಪ್ ಎಫ್/5.7. ಅದು ಹಕ್ಕಿ ನೋಡಲು, ಚಂದ್ರ ನೋಡಲು ಪರವಾಗಿಲ್ಲ. ಶುಕ್ರನಿಗೆ ತಿರುಗಿಸಿದರೆ ನೇರಳೆ ಪ್ರಭಾವಳಿ ಎದ್ದು ಕಾಣುತ್ತದೆ. ಗ್ರಹ ನೋಡುವವರು ಉದ್ದದ್ದನ್ನೇ ಆರಿಸಿ. ಉದ್ದ ಕೊಳವೆಗೆ ಇನ್ನೊಂದು ಲಾಭವೂ ಇದೆ: ಅಗ್ಗದ ಐಪೀಸ್‌ಗಳೂ ಅದರಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ.

ಅಷ್ಟೇ ದುಡ್ಡಿಗೆ 114 ಮಿ.ಮೀ. ಕನ್ನಡಿಯ ಟೆಲಿಸ್ಕೋಪ್ ಬರುತ್ತದಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದು ಎರಡೂವರೆ ಪಟ್ಟಿಗೂ ಹೆಚ್ಚು ಬೆಳಕು ಕೂಡಿಸುತ್ತದೆ, ಬಣ್ಣದ ಅಂಚು ಇರುವುದೇ ಇಲ್ಲ. ಆದರೆ ಅದರ ಕನ್ನಡಿಗಳನ್ನು ಆಗಾಗ ಸಾಲಿಗೆ ತರಬೇಕು. ಬೆಳಕಿನ ದಾರಿಯ ನಡುವೆ ಇರುವ ಸಣ್ಣ ಕನ್ನಡಿ ಬಿಂಬದ ಕಾಂತಿಯನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ತೆರೆದ ಕೊಳವೆಯೊಳಗೆ ಧೂಳು ಬರುತ್ತದೆ. ರಿಫ್ರ್ಯಾಕ್ಟರ್ ಹೊರಗಿಟ್ಟ ಸ್ವಲ್ಪ ಹೊತ್ತಿಗೆ ಕೆಲಸಕ್ಕೆ ಸಿದ್ಧ. ವರ್ಷಗಟ್ಟಲೆ ಏನನ್ನೂ ತಿರುಗಿಸಿ ಸರಿಮಾಡಬೇಕಾಗಿಲ್ಲ. ದಿನವೂ ಹತ್ತು ನಿಮಿಷ ಸೂರ್ಯನನ್ನೋ ಗುರುವನ್ನೋ ನೋಡುವ ಅಭ್ಯಾಸಕ್ಕೆ ಇದು ಬಹಳ ದೊಡ್ಡ ಅನುಕೂಲ. ಮಂಕು ನೆಬ್ಯುಲಾಗಳ ಮೇಲೆ ಮನಸ್ಸಿದ್ದರೆ ಮಾತ್ರ ಕನ್ನಡಿಯದ್ದನ್ನೇ ಕೊಳ್ಳಿ.

ಸ್ಟ್ಯಾಂಡ್, ಮತ್ತು ನಮ್ಮ ಅಕ್ಷಾಂಶ

90 ಪಟ್ಟು ದೊಡ್ಡದು ಮಾಡುವ ಟೆಲಿಸ್ಕೋಪ್ ಅಲುಗಾಟವನ್ನೂ 90 ಪಟ್ಟು ಮಾಡುತ್ತದೆ. ಫೋಕಸ್ ತಿರುಗಿಸಲು ಕೈ ಇಟ್ಟರೆ ಸಾಕು, ಗ್ರಹ ಕುಣಿಯುತ್ತದೆ. ಆದ್ದರಿಂದ ಲೆನ್ಸ್ 10 ಮಿ.ಮೀ. ಚಿಕ್ಕದಾದರೂ ಚಿಂತೆಯಿಲ್ಲ, ಸ್ಟ್ಯಾಂಡ್ ಗಟ್ಟಿ ಇರಲಿ. ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆಯದೆ, ಮೋಟಾಗಿಟ್ಟು ಸ್ಟೂಲ್ ಮೇಲೆ ಕುಳಿತು ನೋಡಿ. ನಡುವೆ ಒಂದು ಮರಳಿನ ಚೀಲ ನೇತುಹಾಕಿದರೆ ಇನ್ನೂ ಒಳ್ಳೆಯದು.

ಸ್ಟ್ಯಾಂಡುಗಳಲ್ಲಿ ಎರಡು ಬಗೆ. ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವುದು ಆಲ್ಟ್-ಅಜಿಮತ್. ಒಂದು ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಓರೆಯಾಗಿಟ್ಟು, ಭೂಮಿಯ ತಿರುಗಾಟಕ್ಕೆ ಎದುರಾಗಿ ತಿರುಗಿಸುವುದು ಇಕ್ವಟೋರಿಯಲ್. ಯುರೋಪ್, ಅಮೆರಿಕದವರು ಬರೆದ ಸಲಹೆಗಳಲ್ಲಿ ಎರಡನೆಯದನ್ನು ಮೆಚ್ಚುವುದು ಜಾಸ್ತಿ. ಆದರೆ ಅವರು ಇರುವುದು 40, 50 ಡಿಗ್ರಿ ಅಕ್ಷಾಂಶದಲ್ಲಿ. ಆ ಅಕ್ಷವನ್ನು ನಮ್ಮ ಅಕ್ಷಾಂಶದಷ್ಟೇ ಮೇಲೆತ್ತಬೇಕು. ಬೆಂಗಳೂರು, ಮಂಗಳೂರು ಸುಮಾರು 13 ಡಿಗ್ರಿಯಲ್ಲಿವೆ. ಬೀದರ್ ಕೂಡ 18ರ ಹತ್ತಿರ. ಅಗ್ಗದ ಇಕ್ವಟೋರಿಯಲ್ ಸ್ಟ್ಯಾಂಡುಗಳು ಇಷ್ಟು ಕೆಳಕ್ಕೆ ಬಾಗಲು ಕಷ್ಟಪಡುತ್ತವೆ. ಬಾಗಿದರೂ ಎದುರು ತೂಕದ ಸರಳು ಟ್ರೈಪಾಡ್ ಕಾಲಿಗೆ ತಾಗುತ್ತದೆ. ಧ್ರುವ ನಕ್ಷತ್ರವೋ ಉತ್ತರ ದಿಗಂತದಿಂದ 13 ಡಿಗ್ರಿ ಮೇಲಿದ್ದು, ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಅಡಗಿರುತ್ತದೆ. ಕರ್ನಾಟಕದಲ್ಲಿ ಕಲಿಯುವವರಿಗೆ ಗಟ್ಟಿಯಾದ ಆಲ್ಟ್-ಅಜಿಮತ್ ಸ್ಟ್ಯಾಂಡೇ ಸರಿ. ನಿಧಾನವಾಗಿ ಸರಿಸುವ ತಿರುಪುಗಳಿದ್ದರೆ ಮತ್ತೂ ಒಳ್ಳೆಯದು.

ಇದೇ ಅಕ್ಷಾಂಶ ನಮಗೆ ಒಂದು ದೊಡ್ಡ ಉಪಕಾರವನ್ನೂ ಮಾಡಿದೆ. ಬೆಂಗಳೂರಿನಲ್ಲಿ ಗುರು ಅಥವಾ ಶನಿ ದಿನದ ಅತಿ ಎತ್ತರಕ್ಕೆ ಬಂದಾಗ ಎಂದಿಗೂ 50 ಡಿಗ್ರಿಗಿಂತ ಕೆಳಗಿರುವುದಿಲ್ಲ. ಲಂಡನ್ನಿನಲ್ಲಿ ಕೆಲವು ವರ್ಷ ಅವು 15 ಡಿಗ್ರಿಯ ಆಸುಪಾಸಿನಲ್ಲೇ ಸರಿದು ಮುಳುಗುತ್ತವೆ. ಎತ್ತರದಲ್ಲಿರುವ ಗ್ರಹದ ಬೆಳಕು ಕಡಿಮೆ ಗಾಳಿಯನ್ನು ದಾಟಿ ಬರುತ್ತದೆ, ಬಿಂಬ ಕಡಿಮೆ ನಡುಗುತ್ತದೆ. ಗ್ರಹ ನೋಡುವುದಕ್ಕೆ ನಮ್ಮದು ನಿಜಕ್ಕೂ ಒಳ್ಳೆಯ ಜಾಗ. ನೆತ್ತಿಯ ಹತ್ತಿರ ನೋಡುವಾಗ ಕುತ್ತಿಗೆ ನೋಯದಂತೆ 90 ಡಿಗ್ರಿ ತಿರುಗಿಸುವ ಡಯಾಗನಲ್ ಬೇಕು. ಅದರಲ್ಲಿ ಬಿಂಬ ಎಡಬಲ ಅದಲುಬದಲಾಗಿರುತ್ತದೆ. ಚಿತ್ರ ಬರೆದುಕೊಳ್ಳುವಾಗ ಇದು ನೆನಪಿರಲಿ.

ಗಾಳಿಯ ಮಾತು ಬಂದದ್ದರಿಂದ ಇನ್ನೊಂದು. ಹಗಲೆಲ್ಲ ಕಾದ ಕಾಂಕ್ರೀಟ್ ತಾರಸಿ ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಿರುತ್ತದೆ. ಅದರ ಮೇಲಿನ ಗಾಳಿ ಕುದಿಯುವಂತೆ ಅಲುಗುತ್ತದೆ. ಅಂಗಳದ ಮಣ್ಣು, ಹುಲ್ಲು ಇದ್ದರೆ ಅಲ್ಲಿಂದ ನೋಡಿ. ತಾರಸಿಯೇ ಗತಿ ಎಂದರೆ ತಡರಾತ್ರಿ ಅಥವಾ ನಸುಕಿನಲ್ಲಿ ನೋಡಿ. ಒಂದೇ ಟೆಲಿಸ್ಕೋಪ್, ಒಂದೇ ಗ್ರಹ, ಆದರೆ ಕಾಣುವುದರಲ್ಲಿ ಅಷ್ಟು ವ್ಯತ್ಯಾಸ ಇರುತ್ತದೆ.

ಸೂರ್ಯ: ಮೊದಲು ಕಣ್ಣು

70 ಮಿ.ಮೀ. ಲೆನ್ಸ್ ಬಿಸಿಲಿನಿಂದ ಸುಮಾರು ನಾಲ್ಕು ವ್ಯಾಟ್ ಶಕ್ತಿ ಹಿಡಿಯುತ್ತದೆ. 900 ಮಿ.ಮೀ. ಫೋಕಲ್ ಲೆಂತ್ ಇದ್ದರೆ ಅದೆಲ್ಲ 8 ಮಿ.ಮೀ. ಅಗಲದ ಬಿಂಬಕ್ಕೆ ಬಂದು ಸೇರುತ್ತದೆ. ಅಲ್ಲಿ ಬಿಸಿಲು ಎಪ್ಪತ್ತು ಪಟ್ಟು ಗಾಢ. ಫಿಲ್ಟರ್ ಇಲ್ಲದೆ ಕ್ಷಣಮಾತ್ರ ಕಣ್ಣಿಟ್ಟರೂ ರೆಟಿನಾ ಸುಡುತ್ತದೆ. ರೆಟಿನಾದಲ್ಲಿ ನೋವು ತಿಳಿಸುವ ನರಗಳಿಲ್ಲ. ಸುಟ್ಟದ್ದು ಆ ಹೊತ್ತಿಗೆ ಗೊತ್ತಾಗುವುದೇ ಇಲ್ಲ, ಆಮೇಲೆ ನೋಟದ ನಡುವೆ ಕಪ್ಪು ಕಲೆಯಾಗಿ ಉಳಿಯಬಹುದು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಸರಿಯಾದ ಫಿಲ್ಟರ್ ಇದ್ದರೆ ಸೂರ್ಯವೀಕ್ಷಣೆ ಪೂರ್ತಿ ಸುರಕ್ಷಿತ. ಆದರೆ ಇಲ್ಲಿ "ಸುಮ್ನೆ ಒಂದ್ಸಲ ನೋಡೋಣ" ಎಂಬುದಕ್ಕೆ ಜಾಗವೇ ಇಲ್ಲ.

ಫಿಲ್ಟರ್ ಇರಬೇಕಾದದ್ದು ಟೆಲಿಸ್ಕೋಪಿನ ಮುಂದೆ, ದೊಡ್ಡ ಲೆನ್ಸನ್ನು ಪೂರ್ತಿ ಮುಚ್ಚುವಂತೆ. ಬೆಳಕು ಒಟ್ಟಾಗುವ ಮೊದಲೇ ಅದನ್ನು ತಡೆಯಬೇಕು. ಕೆಲವು ಹಳೆಯ, ಅಗ್ಗದ ಟೆಲಿಸ್ಕೋಪ್‌ಗಳ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಪುಟ್ಟ ಕಪ್ಪು ಗಾಜು ಬರುತ್ತಿತ್ತು. ಅದು ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಇವತ್ತೇ ಎಸೆಯಿರಿ. ಒಟ್ಟಾದ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ, ಕಾದು ಒಡೆದರೆ ಮುಂದೆ ಇರುವುದು ಕಣ್ಣು. ಎಕ್ಸ್‌ರೇ ಫಿಲ್ಮ್, ಬಣ್ಣದ ಗಾಜು, ಸಿ.ಡಿ. ಯಾವುದೂ ಬೇಡ. ಗ್ರಹಣದ ಕನ್ನಡಕ ಹಾಕಿಕೊಂಡು ಟೆಲಿಸ್ಕೋಪಿನಲ್ಲಿ ನೋಡುವುದೂ ಅಷ್ಟೇ ಅಪಾಯ. ಅದನ್ನು ಮಾಡಿರುವುದು ಬರಿಗಣ್ಣಿನ ಬಿಸಿಲಿಗೆ. ಎಪ್ಪತ್ತು ಪಟ್ಟು ಗಾಢವಾದ ಬಿಸಿಲು ಅದನ್ನು ಸುಟ್ಟು ತೂತು ಮಾಡುತ್ತದೆ.

ಆರಂಭಕ್ಕೆ ಒಳ್ಳೆಯದು ಲೋಹದ ಲೇಪನ ಇರುವ ಸೋಲಾರ್ ಫಿಲ್ಮ್. ಬಾಡರ್ ಕಂಪನಿಯ ಆಸ್ಟ್ರೋಸೋಲಾರ್ ಫಿಲ್ಮ್ ಬಹಳ ಹೆಸರಾದದ್ದು. ಅದರಲ್ಲಿ ಎರಡು ಬಗೆ ಇದೆ. ಡೆನ್ಸಿಟಿ 5.0 ಎಂದು ಬರೆದಿರುವುದು ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಬಿಡುತ್ತದೆ. ಕಣ್ಣಿಟ್ಟು ನೋಡಲು ಅದೇ ಬೇಕು. 3.8 ಎಂಬುದು ಫೋಟೋ ತೆಗೆಯಲು ಮಾತ್ರ. ಕೊಳ್ಳುವಾಗ ಈ ಸಂಖ್ಯೆಯನ್ನು ಎರಡು ಸಲ ನೋಡಿ. ಎ4 ಅಳತೆಯ ಹಾಳೆ ತಂದು, ದಪ್ಪ ರಟ್ಟಿನಿಂದ ಕೊಳವೆಗೆ ಬಿಗಿಯಾಗಿ ಕೂರುವ ಮುಚ್ಚಳ ಮಾಡಿ, ಎರಡು ರಟ್ಟಿನ ಬಳೆಗಳ ನಡುವೆ ಫಿಲ್ಮ್ ಅಂಟಿಸಬಹುದು. ಫಿಲ್ಮನ್ನು ಎಳೆದು ಬಿಗಿ ಮಾಡಬೇಡಿ. ಸ್ವಲ್ಪ ಸುಕ್ಕಿದ್ದರೂ ಬಿಂಬ ಕೆಡುವುದಿಲ್ಲ, ಎಳೆದರೆ ಕೆಡುತ್ತದೆ. ಗಾಳಿಗೆ ಹಾರಿಹೋಗದಂತೆ ಮುಚ್ಚಳವನ್ನು ಕೊಳವೆಗೆ ಟೇಪ್ ಹಾಕಿ. ಪ್ರತಿ ಸಲ ಬಳಸುವ ಮೊದಲು ಪ್ರಖರವಾದ ದೀಪಕ್ಕೆ ಹಿಡಿದು ತೂತು, ಗೀರು ಇದೆಯೇ ನೋಡಿ. ಇದ್ದರೆ ಹೊಸ ಫಿಲ್ಮ್ ಹಾಕಿ.

ಮರೆತುಹೋಗುವ ಅಪಾಯ ಇನ್ನೊಂದಿದೆ: ಫೈಂಡರ್. ಪಕ್ಕದಲ್ಲಿರುವ ಆ ಪುಟ್ಟ ಟೆಲಿಸ್ಕೋಪಿಗೆ ಫಿಲ್ಟರ್ ಇರುವುದಿಲ್ಲ. ಅದನ್ನು ಬಿಚ್ಚಿ ಒಳಗಿಡಿ. ಹಾಗಾದರೆ ಸೂರ್ಯನನ್ನು ಹುಡುಕುವುದು ಹೇಗೆ? ನೆಲದ ಮೇಲೆ ಕೊಳವೆಯ ನೆರಳು ನೋಡಿ. ಟೆಲಿಸ್ಕೋಪನ್ನು ಸರಿಸುತ್ತಾ ಹೋದಂತೆ ನೆರಳು ಗಿಡ್ಡವಾಗುತ್ತದೆ. ಅದು ಅತಿ ಚಿಕ್ಕ ದುಂಡಗೆ ಆದಾಗ ಕೊಳವೆ ಸೂರ್ಯನಿಗೆ ನೇರವಾಗಿದೆ ಎಂದರ್ಥ. 20 ಮಿ.ಮೀ. ಐಪೀಸ್ ಹಾಕಿದರೆ ಇಡೀ ಸೂರ್ಯ ಒಂದೇ ನೋಟಕ್ಕೆ ಸಿಗುತ್ತಾನೆ. ಮಕ್ಕಳಿರುವ ಕಡೆ ಟೆಲಿಸ್ಕೋಪನ್ನು ಒಂದು ನಿಮಿಷವೂ ಬಿಟ್ಟು ಹೋಗಬೇಡಿ.

ಗೆಲಿಲಿಯೋ 1612ರಲ್ಲಿ ಸೌರಕಲೆಗಳನ್ನು ಚಿತ್ರಿಸಿದ್ದು ಬಿಂಬವನ್ನು ಕಾಗದದ ಮೇಲೆ ಬೀಳಿಸಿ. ಈ ಉಪಾಯ ಅವನ ಶಿಷ್ಯ ಕಾಸ್ಟೆಲ್ಲಿಯದ್ದು. ಹತ್ತಾರು ಜನ ಒಟ್ಟಿಗೆ ನೋಡಬಹುದಾದ್ದರಿಂದ ಶಾಲೆಗಳಿಗೆ ಇದು ಇಷ್ಟವಾಗುತ್ತದೆ. ಆದರೆ ಆಗ ಫಿಲ್ಟರ್ ಇಲ್ಲದ ಬಿಸಿಲು ಐಪೀಸಿನಿಂದ ಹೊರಬರುತ್ತಿರುತ್ತದೆ. ಅಂಟಿಸಿದ ಲೆನ್ಸ್‌ಗಳ, ಪ್ಲಾಸ್ಟಿಕ್ ಮೈಯ ಐಪೀಸ್ ಕಾದು ಹಾಳಾಗುತ್ತದೆ, ಯಾರಾದರೂ ಬಗ್ಗಿ ಕಣ್ಣಿಟ್ಟರೆ ಅನಾಹುತ. ನನ್ನ ಒಲವು ಫಿಲ್ಮಿನ ಕಡೆಗೇ. ಸೂರ್ಯನ ಅಂಚಿನಲ್ಲಿ ಏಳುವ ಜ್ವಾಲೆಗಳನ್ನು ನೋಡಲು ಹೈಡ್ರೋಜನ್-ಆಲ್ಫಾ ಟೆಲಿಸ್ಕೋಪೇ ಬೇಕು. ಅದು 656.28 ನ್ಯಾನೋಮೀಟರಿನ ಕೆಂಪು ಬೆಳಕನ್ನಷ್ಟೇ ಬಿಡುತ್ತದೆ. ಬೆಲೆ ಬಹಳ ಜಾಸ್ತಿ, ಆರಂಭದಲ್ಲಿ ಬೇಕಾಗಿಲ್ಲ.

ಫಿಲ್ಮ್ ಹಾಕಿದ 70 ಮಿ.ಮೀ. ಏನು ತೋರಿಸುತ್ತದೆ? ಮೊದಲು ಕಾಣುವುದು ಅಂಚಿನ ಕಡೆಗೆ ಮಂಕಾಗುತ್ತಾ ಹೋಗುವ ತಟ್ಟೆ. ನಡುವೆ ನೋಡುವಾಗ ನಮ್ಮ ದೃಷ್ಟಿ ಸೂರ್ಯನ ಆಳದ, ಹೆಚ್ಚು ಬಿಸಿಯ ಪದರಕ್ಕೆ ಮುಟ್ಟುತ್ತದೆ, ಅಂಚಿನಲ್ಲಿ ಮೇಲಿನ ತಂಪು ಪದರಕ್ಕೆ. ಆಮೇಲೆ ಸೌರಕಲೆಗಳು. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್ ಇದ್ದರೆ ಕಲೆಯ ನಡುಭಾಗ 4,000ದ ಹತ್ತಿರ. ಗಟ್ಟಿ ಕಾಂತಕ್ಷೇತ್ರ ಒಳಗಿನ ಬಿಸಿ ಮೇಲೆ ಬರದಂತೆ ತಡೆಯುವುದರಿಂದ ಅಲ್ಲಿ ತಂಪು. ಕಪ್ಪು ಅಂದುಕೊಳ್ಳುವುದು ಸುತ್ತಲಿನ ಹೊಳಪಿಗೆ ಹೋಲಿಸಿ ಮಾತ್ರ. ಕಪ್ಪು ನಡುಭಾಗದ ಸುತ್ತ ಬೂದು ಅಂಚು ಸ್ಪಷ್ಟವಾಗಿ ಕಾಣುತ್ತದೆ. ಸೂರ್ಯನ ಮೇಲೆ ಒಂದು ಆರ್ಕ್‌ಸೆಕೆಂಡ್ ಎಂದರೆ ಸುಮಾರು 725 ಕಿ.ಮೀ. ಈ ಲೆನ್ಸ್ 1,200 ಕಿ.ಮೀ.ನಷ್ಟು ಸಣ್ಣ ವಿವರ ಬಿಡಿಸಬಲ್ಲದು. ಭೂಮಿಯಷ್ಟು ಅಗಲದ ಕಲೆ ಸಲೀಸಾಗಿ ಸಿಗುತ್ತದೆ. ಅಂಚಿನ ಹತ್ತಿರ ಬಿಳಿ ನೂಲಿನಂಥ ಗೆರೆಗಳೂ ಕಾಣಬಹುದು, ಅವು ಫ್ಯಾಕ್ಯುಲೆಗಳು.

ಸಮಯ ಬೆಳಗ್ಗೆ ಎಂಟರಿಂದ ಹತ್ತು. ನೆಲ ಕಾಯುವ ಮೊದಲು ಗಾಳಿ ಶಾಂತವಾಗಿರುತ್ತದೆ. ದಿನವೂ ಒಂದು ವೃತ್ತ ಬರೆದು ಕಲೆಗಳನ್ನು ಗುರುತಿಸುತ್ತಾ ಹೋದರೆ ಅವು ಪೂರ್ವದಿಂದ ಪಶ್ಚಿಮಕ್ಕೆ ಸರಿಯುವುದು ಕಾಣುತ್ತದೆ. ನಮಗೆ ಕಾಣುವಂತೆ ಸೂರ್ಯ ಒಂದು ಸುತ್ತು ತಿರುಗಲು ಸುಮಾರು 27 ದಿನ. ಎಣಿಸುವುದನ್ನೂ ಕಲಿಯಬಹುದು. ಕಲೆಗಳ ಗುಂಪುಗಳನ್ನು ಎಣಿಸಿ ಹತ್ತರಿಂದ ಗುಣಿಸಿ, ಅದಕ್ಕೆ ಬಿಡಿ ಕಲೆಗಳ ಸಂಖ್ಯೆ ಕೂಡಿಸಿ. ಸ್ವಿಟ್ಜರ್ಲೆಂಡಿನ ರುಡಾಲ್ಫ್ ವುಲ್ಫ್ 1848ರ ಸುಮಾರಿಗೆ ಶುರುಮಾಡಿದ ಲೆಕ್ಕ ಇದು. ಅವನು ಬಳಸಿದ್ದು ಸುಮಾರು 8 ಸೆಂ.ಮೀ. ಲೆನ್ಸಿನ ರಿಫ್ರ್ಯಾಕ್ಟರ್, 64 ಪಟ್ಟು. ಅಂದರೆ ಇವತ್ತು ಹೊಸಬರೊಬ್ಬರು ಕೊಳ್ಳುವ ಟೆಲಿಸ್ಕೋಪಿನ ಅಳತೆಯೇ! ಬ್ರಸೆಲ್ಸ್‌ನ ಕೇಂದ್ರ ಜಗತ್ತಿನ ವೀಕ್ಷಕರಿಂದ ಇಂದಿಗೂ ಇದೇ ಎಣಿಕೆ ಕೂಡಿಸುತ್ತದೆ. ಅವರಲ್ಲಿ ಹವ್ಯಾಸಿಗಳೂ ಇದ್ದಾರೆ. ನಮ್ಮ ಹತ್ತಿರದ ಉದಾಹರಣೆ ಕೊಡೈಕೆನಾಲ್. ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಖಭೌತ ಸಂಸ್ಥೆಯ ಈ ವೀಕ್ಷಣಾಲಯ, 1904ರಿಂದ ಸೂರ್ಯನ ಚಿತ್ರ ತೆಗೆಯುತ್ತಾ ಬಂದಿದೆ. ಅಷ್ಟು ದೀರ್ಘವಾದ ದಾಖಲೆ ಜಗತ್ತಿನಲ್ಲೇ ಅಪರೂಪ.

ಈಗಿನ 25ನೇ ಸೌರಚಕ್ರ 2024ರಲ್ಲಿ ಉತ್ತುಂಗ ಮುಟ್ಟಿ ಇಳಿಯತೊಡಗಿದೆ. ಸೌರಕಲೆಗಳು ಹೆಚ್ಚಿ ಮತ್ತೆ ಕಡಿಮೆಯಾಗುವ ಈ ಚಕ್ರ ಸುಮಾರು 11 ವರ್ಷದ್ದು. 2030ರ ಆಸುಪಾಸಿಗೆ ಕಲೆಯೇ ಇಲ್ಲದ ದಿನಗಳು ಹೆಚ್ಚುತ್ತವೆ. ಸೂರ್ಯನಿಗಾಗಿ ಟೆಲಿಸ್ಕೋಪ್ ಕೊಳ್ಳುವ ಯೋಚನೆ ಇದ್ದರೆ ಮುಂದಕ್ಕೆ ಹಾಕಬೇಡಿ.

ಗ್ರಹಗಳಲ್ಲಿ ಏನು ನಿರೀಕ್ಷಿಸಬಹುದು

ಗುರು ಎಲ್ಲಕ್ಕಿಂತ ಧಾರಾಳಿ. 45 ಪಟ್ಟಿನಲ್ಲೇ ಎರಡು ಕಂದು ಪಟ್ಟಿಗಳು, ಪಕ್ಕದಲ್ಲಿ ಸಾಲಾಗಿ ನಾಲ್ಕು ಚಂದ್ರರು. ಗೆಲಿಲಿಯೋ 1610ರ ಜನವರಿಯಲ್ಲಿ ಕಂಡದ್ದು ಇವರನ್ನೇ, ಸುಮಾರು 20 ಪಟ್ಟಿನ ಟೆಲಿಸ್ಕೋಪಿನಲ್ಲಿ. ಅಯೋ ಒಂದೂಮುಕ್ಕಾಲು ದಿನದಲ್ಲಿ ಸುತ್ತು ಮುಗಿಸುವುದರಿಂದ, ಸಂಜೆ ನೋಡಿ ಎರಡು ತಾಸು ಬಿಟ್ಟು ಮತ್ತೆ ನೋಡಿದರೆ ಜಾಗ ಬದಲಿಸಿರುತ್ತಾನೆ. ಗುರುವಿನ ಮೇಲಿನ ದೊಡ್ಡ ಬಿರುಗಾಳಿಯಾದ ಕೆಂಪು ಚುಕ್ಕೆ 70 ಮಿ.ಮೀ.ಗೆ ಕಷ್ಟ. ಗಾಳಿ ಶಾಂತವಾಗಿದ್ದು, ಅದು ನಮ್ಮ ಕಡೆ ತಿರುಗಿದ್ದರೆ ಮಸುಕಾಗಿ ಸಿಗಬಹುದು. ಗುರು ಹತ್ತು ತಾಸಿನೊಳಗೆ ಒಂದು ಸುತ್ತು ತಿರುಗುವುದರಿಂದ ಕಾದು ನೋಡುವ ಅವಕಾಶ ಇರುತ್ತದೆ.

ಶನಿಯನ್ನು ಮೊದಲ ಸಲ ನೋಡಿದವರು ಮಾತು ನಿಲ್ಲಿಸುತ್ತಾರೆ. ಉಂಗುರ ಗ್ರಹದಿಂದ ಬೇರೆಯಾಗಿ ನಿಂತಿರುವುದು 45 ಪಟ್ಟಿನಲ್ಲೇ ಗೊತ್ತಾಗುತ್ತದೆ. ಗೆಲಿಲಿಯೋಗೆ ಇದು ಬಗೆಹರಿಯಲಿಲ್ಲ, ಮೂರು ಗೋಳ ಅಂಟಿಕೊಂಡಿವೆ ಎಂದುಕೊಂಡ. ಉಂಗುರ ಎಂದು 1650ರ ದಶಕದಲ್ಲಿ ಹೇಳಿದವನು ಡಚ್ ವಿಜ್ಞಾನಿ ಹೈಗೆನ್ಸ್. 2025ರ ಮಾರ್ಚ್‌ನಲ್ಲಿ ಉಂಗುರದ ಅಂಚು ಭೂಮಿಯ ಕಡೆಗಿತ್ತು, ಬರೀ ಗೆರೆಯಾಗಿತ್ತು. ಅಲ್ಲಿಂದ ವರ್ಷವರ್ಷಕ್ಕೂ ತೆರೆದುಕೊಳ್ಳುತ್ತಾ 2032ರ ಹೊತ್ತಿಗೆ ಸುಮಾರು 27 ಡಿಗ್ರಿ ಓರೆಯಾಗುತ್ತದೆ. ಉಂಗುರದ ನಡುವಿನ ಕಪ್ಪು ಸೀಳು, ಕ್ಯಾಸಿನಿ ವಿಭಾಗ, ಆಗ ತುದಿಗಳಲ್ಲಿ ಈ ಲೆನ್ಸಿಗೂ ಸಿಕ್ಕಬಹುದು. ಟೈಟನ್ ಎಂಬ ಚಂದ್ರ ಈಗಲೂ ಸುಲಭ.

ಶುಕ್ರನನ್ನು ಕತ್ತಲಾದ ಮೇಲೆ ನೋಡಬೇಡಿ, ಹೊಳಪು ಕಣ್ಣು ಕೋರೈಸುತ್ತದೆ. ಸಂಜೆಯ ತಿಳಿ ಬೆಳಕಿನಲ್ಲೇ ನೋಡಿದರೆ ಅರ್ಧಚಂದ್ರ, ಆಮೇಲೆ ಕುಡುಗೋಲಿನ ಆಕಾರ ಚೊಕ್ಕವಾಗಿ ಕಾಣುತ್ತದೆ. ಮಂಗಳನ ಬಗ್ಗೆ ಆಸೆ ಕಡಿಮೆ ಇರಲಿ. 26 ತಿಂಗಳಿಗೊಮ್ಮೆ ಹತ್ತಿರ ಬರುತ್ತಾನೆ, ಆ ಕೆಲವು ವಾರ ಬಿಟ್ಟರೆ ಕಿತ್ತಳೆ ಚುಕ್ಕೆಯಷ್ಟೇ. 2027ರ ಫೆಬ್ರುವರಿಯಲ್ಲಿ ಅವನ ತಟ್ಟೆ 14 ಆರ್ಕ್‌ಸೆಕೆಂಡಿನಷ್ಟೂ ಇರುವುದಿಲ್ಲ. 2035ರ ಸೆಪ್ಟೆಂಬರಿನಲ್ಲಿ 24 ದಾಟುತ್ತದೆ. ಯುರೇನಸ್, ನೆಪ್ಚೂನ್ ಚುಕ್ಕೆಗಳೇ. ಚಂದ್ರನ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ? ಅಷ್ಟಮಿಯ ಆಸುಪಾಸು, ಬೆಳಕು-ನೆರಳಿನ ಗಡಿಯಲ್ಲಿ ನೋಡಿ.

ಒಂದು ಗ್ರಹದ ಮುಂದೆ ಕನಿಷ್ಠ ಕಾಲು ತಾಸು ಕುಳಿತುಕೊಳ್ಳಿ. ಗಾಳಿ ಒಂದೆರಡು ಸೆಕೆಂಡ್ ನಿಂತಾಗ ಬಿಂಬ ಥಟ್ಟನೆ ಗಟ್ಟಿಯಾಗುತ್ತದೆ, ಪಟ್ಟಿಗಳು ಎದ್ದು ಬರುತ್ತವೆ. ಅಂಥ ಕ್ಷಣಗಳನ್ನು ಹಿಡಿಯಲು ಕಣ್ಣು ಪಳಗಬೇಕು.

ಕರಾವಳಿ, ಮಲೆನಾಡಿನವರಿಗೆ ದೊಡ್ಡ ಶತ್ರು ಮಳೆಗಾಲದ ತೇವ. ಲೆನ್ಸಿನ ಮೇಲೆ ಬೂಷ್ಟು ಹಿಡಿದರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಜೂನ್ ಬಂದಾಗ ಲೆನ್ಸ್, ಐಪೀಸ್‌ಗಳನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಜೆಲ್‌ನ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ. ಇಬ್ಬನಿ ಬಿದ್ದ ಲೆನ್ಸನ್ನು ಒರೆಸದೆ ತಾನಾಗಿ ಒಣಗಲು ಬಿಟ್ಟು ಆಮೇಲೆ ಮುಚ್ಚಿ. ಸ್ವಲ್ಪ ಧೂಳಿದ್ದರೆ ಬಿಂಬಕ್ಕೆ ಏನೂ ಆಗುವುದಿಲ್ಲ, ಬಟ್ಟೆಯಿಂದ ಉಜ್ಜಿದರೆ ಆಗುವ ಗೀರು ಮಾತ್ರ ಹೋಗುವುದಿಲ್ಲ.

ಹೀಗೆ ಜೋಪಾನ ಮಾಡಿದ ರಿಫ್ರ್ಯಾಕ್ಟರ್ ದಶಕಗಳು ಬಾಳುತ್ತದೆ. 2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಇದೆ, ಮುಂಗಾರು ಮೋಡ ಬಿಟ್ಟರೆ ನೋಡಬಹುದು. ಅದಕ್ಕಿಂತ ನನಗೆ ಮುಖ್ಯ ಅನ್ನಿಸುವುದು 2032ರ ನವೆಂಬರ್ 13. ಅಂದು ಬುಧಗ್ರಹ ಸೂರ್ಯನ ಮುಂದೆ ಹಾದುಹೋಗುತ್ತದೆ. ಭಾರತದ ಸಮಯ ಮಧ್ಯಾಹ್ನ 12ರ ನಂತರ ಶುರುವಾಗಿ ಸಂಜೆ ನಾಲ್ಕೂವರೆ ದಾಟುವವರೆಗೆ, ಪೂರ್ತಿ ನಮ್ಮ ಹಗಲಿನಲ್ಲೇ. ಬುಧನ ತಟ್ಟೆ ಬರೀ 10 ಆರ್ಕ್‌ಸೆಕೆಂಡ್, ಸೂರ್ಯನ ಅಗಲದ ಸುಮಾರು ಇನ್ನೂರನೇ ಒಂದು ಪಾಲು. ಗ್ರಹಣದ ಕನ್ನಡಕದಲ್ಲಿ ಅದು ಕಾಣುವುದಿಲ್ಲ. ಫಿಲ್ಮ್ ಹಾಕಿದ 70 ಮಿ.ಮೀ. ಲೆನ್ಸಿನಲ್ಲಿ, 45 ಪಟ್ಟಿಗೇ, ಸೌರಕಲೆಗಿಂತ ಕಪ್ಪಾದ ದುಂಡು ಚುಕ್ಕೆಯಾಗಿ ಕಾಣುತ್ತದೆ. ನವೆಂಬರ್ ಆದ್ದರಿಂದ ದಕ್ಷಿಣ ಒಳನಾಡಿನಲ್ಲಿ ಹಿಂಗಾರು ಮೋಡದ ಭಯ ಇದೆ. ಮೋಡ ಕವಿಯುವ ಸೂಚನೆ ಇದ್ದರೆ ಟೆಲಿಸ್ಕೋಪ್ ಕಟ್ಟಿಕೊಂಡು ಬಯಲುಸೀಮೆಯ ಬಡಗಣ ಜಿಲ್ಲೆಗಳ ಕಡೆಗೆ ಹೋಗುವುದು ಒಳ್ಳೆಯದು. ಹೊರಡುವ ಮೊದಲು ಹೊಸ ಫಿಲ್ಮ್ ಹಾಕಿಕೊಳ್ಳಿ.